ಕಾರಿಲ್ಲದ ಚಾರಣಿಗರಿಗೆ ಗಾಂಧಿನಗರದ ಒಂದು ಲಾಡ್ಜ್

ಹಾಸನ, ತುಮಕೂರಿನಿಂದ ಬಂದ ಗೆಳೆಯರೊಂದಿಗೆ ಬೆಂಗಳೂರಿನ ಸುತ್ತಲಿನ ಬೆಟ್ಟಗಳನ್ನು ಕಾರಿನ ಹಂಗಿಲ್ಲದೆ ನಡೆದು ನೋಡಬೇಕೆಂದು ಗಾಂಧಿನಗರದ ಲಾಡ್ಜೊಂದರಲ್ಲಿ ಮೂರು ರಾತ್ರಿ ತಂಗಿದ್ದೆವು. ಕೊಠಡಿಯಲ್ಲಿ ವಿಶೇಷವೇನಿಲ್ಲ, ಆದರೆ ರೈಲು ನಿಲ್ದಾಣ, ಕೆಂಪೇಗೌಡ ಬಸ್ ನಿಲ್ದಾಣ ಮತ್ತು ಮೆಟ್ರೊದ ನೇರಳೆ, ಹಸಿರು ಮಾರ್ಗಗಳು ಕೂಡುವ ಮೆಜೆಸ್ಟಿಕ್ ಮೂರಕ್ಕೂ ಬೆನ್ನುಚೀಲ ಹೊತ್ತು ನಡೆದೇ ಹೋಗಬಹುದೆಂಬುದು ಇದರ ದೊಡ್ಡ ಗುಣ.

ಮೊದಲ ದಿನ ಮೈಸೂರು ಮಾರ್ಗದ ರೈಲು ಹಿಡಿದು ರಾಮನಗರದಲ್ಲಿಳಿದು, 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿತವಾದ ರಾಮದೇವರ ಬೆಟ್ಟವನ್ನು ಹತ್ತಿದೆವು. ಮರುದಿನ 1,478 ಮೀಟರ್ ಎತ್ತರದ ನಂದಿಬೆಟ್ಟ. ವಾಹನಗಳ ಸಾಲು ತಿರುವು ರಸ್ತೆಯಲ್ಲಿ ಹೊಗೆ ಉಗುಳುತ್ತಿರುವಾಗ, ಸುಲ್ತಾನ್‌ಪೇಟೆಯ ಹಳೆಯ ಕಲ್ಲುಮೆಟ್ಟಿಲುಗಳ ಮೇಲೆ ನಮ್ಮ ಏದುಸಿರಿನ ಹೊರತು ಬೇರೆ ಸದ್ದಿರಲಿಲ್ಲ. ಮಳೆಯಲ್ಲಿ ನೆಂದು ಕೆಸರಾಗಿ ಮರಳಿದ ನಮ್ಮನ್ನು ಕಂಡು ಮುಖ ಸಿಂಡರಿಸದ ಲಾಡ್ಜಿನ ಹುಡುಗ, "ಶೂ ಒಳಗೆ ತುರುಕಿಡಿ ಸಾರ್, ಬೆಳಗ್ಗೆ ಒಣಗಿರುತ್ತೆ" ಎಂದು ಹಳೆಯ ದಿನಪತ್ರಿಕೆಗಳ ಕಟ್ಟನ್ನೇ ತಂದುಕೊಟ್ಟ.

ಕುಂದುಗಳೂ ಇವೆ. ಬಿಸಿನೀರು ಆರು ಗಂಟೆಗೆ ಮೊದಲು ಬರುವುದಿಲ್ಲ, ಚಾರಣಿಗರು ಹೊರಡುವುದೋ ನಾಲ್ಕೂವರೆಗೆ. ಮೂರನೆಯ ದಿನ ಮಾಕಳಿದುರ್ಗಕ್ಕೆ ಹೊರಟಾಗ ಕೆಳಗಿನ ಷಟರಿಗೆ ಬೀಗ ಹಾಕಿತ್ತು. ಕಾವಲುಗಾರನನ್ನು ಎಬ್ಬಿಸುವಷ್ಟರಲ್ಲಿ ದೊಡ್ಡಬಳ್ಳಾಪುರದ ಕಡೆಯ ರೈಲು ತಪ್ಪಿ, ಬಸ್ಸು ಹಿಡಿಯಬೇಕಾಯಿತು. ಬೀಗದ ಮಾತನ್ನು ಹಿಂದಿನ ರಾತ್ರಿಯೇ ಆಡಿಕೊಂಡು, ಹಿಂಬದಿಯ ಕೊಠಡಿಯನ್ನೇ ಕೇಳಿ ಪಡೆಯಿರಿ. ರಸ್ತೆಯತ್ತ ಮುಖ ಮಾಡಿದ ಕೊಠಡಿಗಳಲ್ಲಿ ಹಾರನ್ನಿನ ಗದ್ದಲಕ್ಕೆ ನಿದ್ದೆ ಹತ್ತುವುದಿಲ್ಲ.