ಜ್ವರ ಬಂದು 11 ಗಂಟೆಗೇ ಮನೆಗೆ ಬಂದ ಮಗ ಡೇ ಕೇರ್‌ನಲ್ಲಿ ‘ಪೂರ್ತಿ ಊಟ’ ಮಾಡಿದ್ನಂತೆ! ಹಾಸನದ ಒಂದು ಡೇ ಕೇರ್, ಎರಡು ವರ್ಷ ಬಳಸಿದ ಮೇಲಿನ ರಿವ್ಯೂ

ಮೊದಲೇ ಹೇಳಿಬಿಡ್ತೀನಿ, ಡೇ ಕೇರ್ ಹೆಸರು ಹಾಕಲ್ಲ. ಹಾಸನ ಎಷ್ಟು ಮಹಾ ದೊಡ್ಡ ಊರು, ಎನ್.ಆರ್. ಸರ್ಕಲ್‌ನಲ್ಲಿ ನಿಂತು ಸೀನಿದ್ರೆ ವಿದ್ಯಾನಗರದಲ್ಲಿ ಯಾರಿಗೆ ನೆಗಡಿ ಅಂತ ಗೊತ್ತಾಗುತ್ತೆ. ಅದೂ ಅಲ್ದೆ ನನ್ನ ಮಗ ಇನ್ನೂ ಐದು ತಿಂಗಳು ಅಲ್ಲೇ ಇರ್ಬೇಕು, ಬರೋ ಜೂನ್‌ಗೆ ಎಲ್‌ಕೆಜಿ. ಟೈಮಿಂಗ್ ಏನು, ಎಷ್ಟು ರೂಮು, ಸಿಸಿಟಿವಿ ಇದೆಯಾ ಅನ್ನೋದೆಲ್ಲ ಎಲ್ಲರ ಪಾಂಪ್ಲೆಟ್‌ನಲ್ಲೂ ಒಂದೇ ಥರ ಇರುತ್ತೆ, ಅದನ್ನ ಬರೆಯಲ್ಲ.

ನಾನು ಒಂದು ಸಣ್ಣ ಪ್ರೈವೇಟ್ ಮಿಲ್ಕ್ ಚಿಲ್ಲಿಂಗ್ ಸೆಂಟರ್‌ನ ಲ್ಯಾಬ್‌ನಲ್ಲಿ ಕೆಲಸ ಮಾಡೋದು. ಫ್ಯಾಟ್, ಎಸ್‌ಎನ್‌ಎಫ್ (ಹಾಲಲ್ಲಿ ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ), ಟೆಂಪರೇಚರ್, ದಿನವಿಡೀ ಇದೇ. 50 ಜನ ಅಥವಾ ಅದಕ್ಕಿಂತ ಜಾಸ್ತಿ ಇರೋ ಕಡೆ ಕ್ರೆಶ್, ಅಂದ್ರೆ ಮಕ್ಕಳನ್ನ ನೋಡ್ಕೊಳ್ಳೋ ಜಾಗ, ಇರ್ಲೇಬೇಕು, ತಾಯಿಗೆ ದಿನಕ್ಕೆ ನಾಲ್ಕು ಸಲ ಹೋಗಿ ಮಗು ನೋಡೋಕೆ ಬಿಡ್ಬೇಕು ಅಂತ 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಕಾಯ್ದೆಯಲ್ಲೇ ಬಂದಿತ್ತು. ನಮ್ಮಲ್ಲಿ ಇರೋದೇ ಹದಿನೆಂಟು ಜನ, ಅದ್ರಲ್ಲಿ ಹೆಂಗಸರು ಮೂರು. ಮನೆ ಹತ್ರ ಅಂಗನವಾಡಿ ಇದೆ, ಟೀಚರ್ ತುಂಬಾ ಒಳ್ಳೆಯವರು, ಆದ್ರೆ ನನ್ನ ಡ್ಯೂಟಿ ಮುಗಿಯೋಷ್ಟರಲ್ಲಿ ಅದು ಮುಚ್ಚಿರುತ್ತೆ. ಅತ್ತೆಗೆ ಮಂಡಿ ನೋವು. ಹಂಗಾಗಿ ಒಂದು ವರ್ಷ ನಾಲ್ಕು ತಿಂಗಳ ಮಗುನ ತಿಂಗಳಿಗೆ 4,000 ಕೊಟ್ಟು ಡೇ ಕೇರ್‌ಗೆ ಹಾಕಿದ್ವಿ. ನಮ್ಮ ಸಂಬಳಕ್ಕೆ ಅದು ಸಣ್ಣ ದುಡ್ಡಲ್ಲ, ಅದಕ್ಕೇ ನಾನು ಸ್ವಲ್ಪ ಜೋರಾಗೇ ಲೆಕ್ಕ ಕೇಳ್ತೀನಿ.

ಮೊದಲ ಆರು ತಿಂಗಳು ನನಗೆ ಭಾರಿ ಖುಷಿ ಕೊಟ್ಟಿದ್ದು ಅವರ ಡೈರಿ. ಕೆಲಸ ಮಾಡೋದೂ ಡೈರಿ, ಮಗನದ್ದೂ ಡೈರಿ ಅಂತ ನಮ್ಮ ಯಜಮಾನ್ರು ತಮಾಷೆ ಮಾಡೋರು. ಸಂಜೆ ಬಂದ ತಕ್ಷಣ ಕೈಕಾಲು ತೊಳೆಯೋಕ್ ಮುಂಚೆ ಬ್ಯಾಗ್‌ನಿಂದ ಆ ನೀಲಿ ನೋಟ್‌ಬುಕ್ ತೆಗಿಯೋದು, ಟೀ ಕುಡೀತಾ ಓದೋದು. ಊಟ: ಪೂರ್ತಿ. ನಿದ್ದೆ: ಒಂದೂವರೆಯಿಂದ ಮೂರು. ಮೂಡ್: ಹ್ಯಾಪಿ. ಓದಿ ಒಂದು ನಿಟ್ಟುಸಿರು ಬಿಟ್ರೆ ದಿನ ಮುಗೀತು. ಬೇರೆ ಅಮ್ಮಂದಿರಿಗೆಲ್ಲ ತೋರಿಸ್ಕೊಂಡು ಬಂದಿದೀನಿ ನಾನು, ನೋಡಿ ಎಷ್ಟು ಪ್ರೊಫೆಷನಲ್ ಅಂತ.

ಏಳನೇ ತಿಂಗಳು, ಜೂನ್, ಮಳೆ ಶುರುವಾಗಿತ್ತು. ಹತ್ತೂ ಮುಕ್ಕಾಲಿಗೆ ಡೇ ಕೇರ್‌ನಿಂದ ಫೋನ್, ಮಗುಗೆ ಮೈ ಬಿಸಿ ಇದೆ ಬನ್ನಿ ಅಂತ. ಯಜಮಾನ್ರು ಹೋಗಿ 11ಕ್ಕೆಲ್ಲ ಮನೆಗೆ ಕರ್ಕೊಂಡು ಬಂದ್ರು. ನಾನು ಅರ್ಧ ದಿನ ರಜ ಹಾಕಿ ಓಡಿ ಬಂದೆ. ಥರ್ಮಾಮೀಟರ್ 101. ಸಿರಪ್ ಹಾಕಿ ತೊಡೆ ಮೇಲೆ ಮಲಗಿಸ್ಕೊಂಡು, ಅಭ್ಯಾಸ ಬಲ ನೋಡಿ, ಬ್ಯಾಗ್‌ಗೆ ಕೈ ಹಾಕಿ ಡೈರಿ ತೆಗೆದೆ. ಊಟ: ಪೂರ್ತಿ. ನಿದ್ದೆ: ಒಂದೂವರೆಯಿಂದ ಮೂರು. ಮೂಡ್: ಹ್ಯಾಪಿ. ಗೋಡೆ ಗಡಿಯಾರದಲ್ಲಿ ಆಗ ಇನ್ನೂ ಹನ್ನೆರಡೂ ಕಾಲು!

ಆಮೇಲೆ ಹಿಂದಿನ ಪುಟಗಳನ್ನ ಅಮ್ಮನ ಕಣ್ಣಲ್ಲಲ್ಲ, ಲ್ಯಾಬ್‌ನೋರ ಕಣ್ಣಲ್ಲಿ ತಿರುವಿ ನೋಡಿದೆ. ನಮ್ಮಲ್ಲೂ ಈ ಕಳ್ಳಾಟ ನಡೆಯುತ್ತೆ. ಹಾಲಿನ ಟ್ಯಾಂಕ್ ಟೆಂಪರೇಚರ್ ರಿಜಿಸ್ಟರ್‌ನಲ್ಲಿ ಎರಡೆರಡು ಗಂಟೆಗೆ 4.0, 4.0, 4.0 ಅಂತ ಸಾಲಾಗಿ ಇದ್ರೆ ಯಾರೂ ಟ್ಯಾಂಕ್ ಹತ್ರ ಹೋಗೇ ಇಲ್ಲ ಅಂತ ಅರ್ಥ. ನಿಜವಾಗ್ಲೂ ನೋಡಿ ಬರೆದಿದ್ರೆ 3.8 ಬರುತ್ತೆ, 4.3 ಬರುತ್ತೆ, ಹೊಸ ಹಾಲು ಸುರಿದಾಗ 6 ದಾಟುತ್ತೆ, ಕರೆಂಟ್ ಹೋದ ದಿನ ಒಂದು ಗೀಚು ಇರುತ್ತೆ. ಮಗನ ಡೈರಿಯಲ್ಲಿ ನಾಲ್ಕೂವರೆ ತಿಂಗಳಿಂದ ಒಂದೇ ಒಂದು ಗೀಚಿಲ್ಲ. ಒಂದೇ ಪೆನ್ನು, ಒಂದೇ ಓರೆ. ಒಂದೂವರೆ ವರ್ಷದ ಮಗು ದಿನಾ ಒಂದೇ ನಿಮಿಷಕ್ಕೆ ನಿದ್ದೆ ಮಾಡಿ ಒಂದೇ ನಿಮಿಷಕ್ಕೆ ಎದ್ದೇಳುತ್ತಾ? ದಿನಾ ರಿಜಿಸ್ಟರ್ ಚೆಕ್ ಮಾಡೋ ನಾನೇ ಇದನ್ನ ನೋಡ್ಲಿಲ್ವಲ್ಲ ಅಂತ ನನ್ನ ಮೇಲೇ ಸಿಟ್ಟು ಬಂತು. ಅವತ್ತು ರಾತ್ರಿನೇ ಒಂದು ಸ್ಟಾರ್ ಕೊಟ್ಟು, ಉದ್ದಕ್ಕೆ ಬೈದು ಒಂದು ರಿವ್ಯೂ ಬರೆದಿದ್ದೆ. ಪೋಸ್ಟ್ ಮಾಡ್ಲಿಲ್ಲ, ಮಗು ಎದ್ದು ಅಳ್ತು, ಅಲ್ಲಿಗೆ ನಿಂತೋಯ್ತು.

ಜ್ವರ ಬಿಟ್ಟ ಮೇಲೆ ಡೈರಿ ಹಿಡ್ಕೊಂಡು ಹೋದೆ. ನಡೆಸೋ ಮೇಡಂ ಮುಖ ಕೆಂಪಾಯ್ತು, ಆದ್ರೆ ಸುಳ್ಳು ಹೇಳ್ಲಿಲ್ಲ. “ಬೆಳಿಗ್ಗೆ ಹತ್ತೂವರೆಗೇ ಎಲ್ಲರದ್ದೂ ಬರೆದು ಇಟ್ಬಿಡ್ತೀನಿ ಮೇಡಂ, ಮಧ್ಯಾಹ್ನ ಮೇಲೆ ಪುರುಸೊತ್ತೇ ಇರಲ್ಲ” ಅಂದ್ರು. ನಾನು ಹೇಳಿದೆ, ಒಂದು ದಿನ ಪೂರ್ತಿ ಇಲ್ಲಿ ಕೂತ್ಕೊಳ್ತೀನಿ, ಒಪ್ಪಿದ್ರೆ ಸರಿ, ಇಲ್ಲಾಂದ್ರೆ ಟಿಸಿ ಕೊಡಿ ಅಂತ. (ಡೇ ಕೇರ್‌ಗೆ ಎಂಥ ಟಿಸಿ, ಸಿಟ್ಟಲ್ಲಿ ಬಾಯಿಗೆ ಬಂದಿದ್ದು.) ಒಪ್ಪಿದ್ರು.

ಆ ಒಂದು ದಿನ ನೋಡಿದ್ದನ್ನ ಎಷ್ಟು ಬರೆದ್ರೂ ಮುಗಿಯಲ್ಲ. ಬಾಗಿಲಲ್ಲಿ ಆಯಾ ನಿಂತಿರ್ತಾರೆ, ಮಕ್ಕಳೆಲ್ಲ ಅವರನ್ನ ದೊಡ್ಡವ್ವ ಅಂತಾರೆ. ಒಂದೊಂದು ಮಗುನೂ ಎತ್ಕೊಂಡು ಮೊದಲು ಕತ್ತಿನ ಹಿಂದೆ ಕೈಯಿಟ್ಟು ನೋಡ್ತಾರೆ, ಆಮೇಲೆ ನೆತ್ತಿ ಮೂಸ್ತಾರೆ, ಆಮೇಲೆ ಸ್ವೆಟರ್ ಬಿಚ್ಚಿ ಅದ್ರ ತೋಳು ಒಳಗೆ ಮಡಚಿ ಬ್ಯಾಗ್‌ಗೆ ಇಡ್ತಾರೆ. ನನ್ನ ಮಗನ ಜ್ವರ ಅವತ್ತು ಗೊತ್ತಾಗಿದ್ದೂ ಆ ಕೈಗೇ. ಯಾವ ಮಗುಗೆ ಅನ್ನ ಮೆತ್ತಗಿರ್ಬೇಕು, ಯಾವುದು ಚಮಚ ಕಂಡ್ರೆ ಬಾಯಿ ಮುಚ್ಚುತ್ತೆ, ಯಾವುದಕ್ಕೆ ತುತ್ತು ಕೊಡೋವಾಗ ಕಿಟಕಿಯಾಚೆ ದನ ತೋರಿಸ್ಬೇಕು, ಎಲ್ಲ ತಲೆಯಲ್ಲೇ ಇದೆ. ಯಾರೋ ಡಬ್ಬಿಗೆ ಇಡೀ ಕಡಲೆಬೀಜ ಹಾಕಿದ್ರು, ಅದನ್ನ ಒಂದೊಂದೇ ಆರಿಸಿ ತೆಗೆದು ಸೆರಗಿಗೆ ಕಟ್ಕೊಂಡ್ರು, ಸಣ್ಣ ಮಕ್ಕಳ ಗಂಟಲಿಗೆ ಸಿಕ್ಕೊಳುತ್ತೆ ಅಂತ ಅವರಿಗೆ ಯಾವ ಟ್ರೈನಿಂಗ್‌ನಲ್ಲೂ ಯಾರೂ ಹೇಳಿಕೊಟ್ಟಿಲ್ಲ. ಮಧ್ಯಾಹ್ನ ಚಾಪೆ ಸಾಲಾಗಿ ಹಾಸಿ ಎರಡು ಮಕ್ಕಳನ್ನ ಎರಡು ಕೈಯಲ್ಲಿ ತಟ್ಟುತ್ತಾ ಮೂರನೇದನ್ನ ಕಾಲಲ್ಲಿ ತೂಗೋದು ನೋಡಿ ನಾನು ಎದ್ದು ಹೋಗಿ ನಾಲ್ಕನೇದನ್ನ ತಟ್ಟೋಕೆ ಕೂತೆ, ಇನ್ಸ್‌ಪೆಕ್ಷನ್‌ಗೆ ಬಂದವಳು!

ಕೆಟ್ಟದ್ದೂ ಅಷ್ಟೇ ಇತ್ತು. ಕೈ ತೊಳೆಯೋ ಜಾಗದಲ್ಲಿ ಹದಿನಾಲ್ಕು ಮಕ್ಕಳಿಗೆ ಒಂದೇ ಟವಲ್, ಅದೂ ಮಳೆಗಾಲದಲ್ಲಿ ಒಣಗದೆ ಮುಗ್ಗಲು ವಾಸನೆ. ಅದರ ಹಿಂದಿನ ತಿಂಗಳು ಒಂದು ಮಗುಗೆ ಮದ್ರಾಸ್ ಐ ಬಂದು ಒಂದು ವಾರದಲ್ಲಿ ಆರು ಮಕ್ಕಳಿಗೆ ಬಂದಿದ್ದು ಯಾಕೆ ಅಂತ ಆವಾಗ ಹೊಳೀತು. ಡಯಪರ್ ಬದಲಾಯಿಸೋ ಟೇಬಲ್ಲೂ ತಿಂಡಿ ಡಬ್ಬಿ ಇಡೋ ಟೇಬಲ್ಲೂ ಒಂದೇ. ಟೀಚರ್ ಒಂದು ಗಂಟೆಗೆ ಹೊರಟ್ರೆ ಮೇಡಂ ಫೋನು, ಫೀಸು, ಅಡುಗೆಮನೆ ಅಂತ ಒಳಗೆ ಹೊರಗೆ ಓಡಾಡ್ತಾರೆ, ಅಲ್ಲಿಂದ ಐದೂವರೆವರೆಗೆ ಹದಿನಾಲ್ಕು ಮಕ್ಕಳಿಗೆ ದೊಡ್ಡವ್ವ ಒಬ್ಬರೇ, ಅದ್ರಲ್ಲಿ ಏಳು ಮೂರು ವರ್ಷದೊಳಗಿನವು. ನಾಲ್ಕು ಗಂಟೆಗೆ ಎಲ್ಲ ಎದ್ದಾಗ ಸುಧಾರಿಸೋಕಾಗದೆ ಟಿವಿ ಹಾಕ್ತಾರೆ, ಅದು ಐದೂವರೆವರೆಗೂ ಓಡುತ್ತೆ. ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಮ್ಮಿ ಆದಷ್ಟೂ ಒಳ್ಳೇದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಮನೇಲಿ ನಾವೂ ಹಾಕ್ತೀವಿ, ಅದು ಬೇರೆ ಮಾತು.

ಈಗ ನನಗೆ ನಾಚಿಕೆ ತಂದ ವಿಷಯ. ದೊಡ್ಡವ್ವನ್ನ ಕೇಳಿದೆ, ನಿಜ ಬರೆದ್ರೆ ಏನಾಗ್ತಿತ್ತಮ್ಮ, ಇಷ್ಟೆಲ್ಲ ಗೊತ್ತಿದೆ ನಿಮಗೆ ಅಂತ. “ನಾನು ನಾಕ್ನೇ ಕ್ಲಾಸು ಮೇಡಂ, ಬರಿಯಕ್ಕೆ ಕುಂತ್ರೆ ಇವುಗ್ಳ ಯಾರು ನೋಡ್ತಾರೆ” ಅಂದು, ಸ್ವಲ್ಪ ಹೊತ್ತು ಬಿಟ್ಟು, “ಮೊದ್ಲು ನಮ್ಮೇಡಮ್ಮು ಕೇಳಿ ಕೇಳಿ ನಿಜ್ವೇ ಬರೀತಿದ್ರು. ನೀವೇ ಬೈದ್ರಂತಲ್ಲ” ಅಂದ್ರು. ನಾನಾ? ಮನೆಗೆ ಬಂದು ಡೈರಿಯ ಮೊದಲ ಪುಟಗಳನ್ನ ತೆಗೆದೆ. ಜನವರಿ ತಿಂಗಳ ಒಂದು ಪುಟದಲ್ಲಿ “ಊಟ: ಅರ್ಧ ಬಿಟ್ಟ, ಅತ್ತ” ಅಂತಿದೆ. ಅದರ ಕೆಳಗೆ ಕೆಂಪು ಪೆನ್ನಲ್ಲಿ, ನನ್ನದೇ ಅಕ್ಷರ: “ಯಾಕೆ? ದಯವಿಟ್ಟು ಪೂರ್ತಿ ತಿನ್ನಿಸಿ. ಫೀಸ್ ಪೂರ್ತಿ ಕೊಡ್ತಿದ್ದೀವಿ.” ಮಾರನೇ ದಿನದಿಂದ ಪೂರ್ತಿ, ಪೂರ್ತಿ, ಪೂರ್ತಿ. ಹದಿನಾಲ್ಕು ಮನೆಯಲ್ಲಿ ಎಷ್ಟು ಜನ ಹೀಗೆ ಬರೆದಿದ್ರೋ.

ಬೈದು ಬರೆದಿದ್ದ ರಿವ್ಯೂ ಅವತ್ತು ಡಿಲೀಟ್ ಮಾಡಿದೆ. ಹಂಗಂತ ಬಿಟ್ಟುಬಿಡ್ಲಿಲ್ಲ.

ಮುಂದಿನ ಭಾನುವಾರ ಒಂಬತ್ತು ಜನ ಅಪ್ಪ ಅಮ್ಮಂದಿರು ಮಹಾರಾಜ ಪಾರ್ಕ್‌ನಲ್ಲಿ ಸೇರಿದ್ವಿ, ಮೇಡಂ ಕೂಡ ಬಂದ್ರು. ಒಬ್ಬರು ಪ್ರಿಂಟ್ ತಂದಿದ್ರು, ಪ್ಲೇ ಸ್ಕೂಲ್‌ಗಳಿಗೆ ರಾಷ್ಟ್ರೀಯ ಮಕ್ಕಳ ಹಕ್ಕುಗಳ ಆಯೋಗದ ಮಾರ್ಗಸೂಚಿ, ಇಪ್ಪತ್ತು ಮಕ್ಕಳಿಗೆ ಒಬ್ಬ ಟೀಚರ್ ಜೊತೆಗೆ ಒಬ್ಬ ಕೇರ್‌ಗಿವರ್ ಇರ್ಬೇಕು ಅಂತ. ಅದು ಮೂರು ವರ್ಷ ದಾಟಿದವರಿಗೆ, ಇನ್ನೂ ಸಣ್ಣವಕ್ಕೆ ಕೈ ಜಾಸ್ತಿನೇ ಬೇಕು, ನಮ್ಮಲ್ಲಿ ಮಧ್ಯಾಹ್ನದ ಮೇಲೆ ಅಷ್ಟೂ ಇರ್ಲಿಲ್ಲ. ಮೇಡಂ ನೇರವಾಗಿ ಕೇಳಿದ್ರು, ಇನ್ನೊಬ್ಬರನ್ನ ಇಟ್ಕೊಳ್ತೀನಿ, ಒಂದರಿಂದ ಐದೂವರೆ, 6,000 ಕೊಡ್ಬೇಕು, ಎಲ್ಲಿಂದ ತರ್ಲಿ? ಜಗಳ ಆಯ್ತು. ಕೊನೆಗೆ ಫೀಸ್ 4,500 ಆಯ್ತು, ಇಬ್ಬರು ಮಗು ಬಿಡಿಸ್ಕೊಂಡ್ರು, ಉಳಿದ ಹನ್ನೆರಡರಲ್ಲಿ ಲೆಕ್ಕ ಸರಿಯಾಯ್ತು. ಆ 500 ರೂಪಾಯಿ ನನಗೂ ಚುರ್ ಅಂತು, ತಿಂಗಳಿಗೆ ಎರಡು ಸಲ ಹೋಟೆಲ್ ದೋಸೆ ಕಟ್.

ಟವಲ್‌ಗೆ ಪರಿಹಾರ ಸುಲಭ, ಮನೆಯಿಂದ ಎರಡೆರಡು ಕರ್ಚೀಫು, ಹೆಸರು ಹೊಲಿದು. ಡಯಪರ್ ಟೇಬಲ್ ಬಾತ್‌ರೂಮ್ ಪಕ್ಕಕ್ಕೆ ಹೋಯ್ತು. ಯಾರಾದ್ರೂ ಒಬ್ಬ ಪೇರೆಂಟ್ ವಾರಕ್ಕೊಂದ್ಸಲ ಹೇಳದೆ ಕೇಳದೆ ಹೋಗಿ ಅರ್ಧ ಗಂಟೆ ಕೂತು ಬರೋದು ಅಂತ ಆಯ್ತು, ಆದ್ರೆ ನೋಡಿದ್ದನ್ನ ಗ್ರೂಪ್‌ಗೆ ಹಾಕಂಗಿಲ್ಲ, ಮೊದಲು ಮೇಡಂಗೇ ಹೇಳ್ಬೇಕು. ಮಕ್ಕಳ ತೂಕ ನೋಡೋದೂ ಶುರುವಾಯ್ತು, ಅದು ನಾನು ನಮ್ಮ ಬೀದಿ ಅಂಗನವಾಡಿಯಿಂದ ಕದ್ದ ಐಡಿಯಾ. ಅಲ್ಲಿ ತಿಂಗಳಿಗೊಮ್ಮೆ ಮಕ್ಕಳನ್ನ ತೂಗಿ ಬಣ್ಣಬಣ್ಣದ ಪಟ್ಟಿ ಇರೋ ಚಾರ್ಟ್‌ನಲ್ಲಿ ಚುಕ್ಕಿ ಇಡ್ತಾರೆ, ನಾವು 4,000 ಕೊಡ್ತಿದ್ದ ಜಾಗದಲ್ಲಿ ತಕ್ಕಡಿನೇ ಇರ್ಲಿಲ್ಲ.

ಆ ಬಣ್ಣದ ಪಟ್ಟಿ ತಲೆಯಲ್ಲಿ ಉಳ್ಕೊಂಡಿದ್ದಕ್ಕೇ ಡೈರಿಗೂ ದಾರಿ ಸಿಕ್ತು. ಕಟ್ಟಿನಕೆರೆ ಮಾರ್ಕೆಟ್‌ನಲ್ಲಿ ಬಟ್ಟೆ ಒಣಹಾಕೋ ಕ್ಲಿಪ್ ಮೂರು ಡಜನ್ ತಂದೆ, ಹಸಿರು, ಹಳದಿ, ಕೆಂಪು. ಊಟ ಆದ ಮೇಲೆ ದೊಡ್ಡವ್ವ ಡಬ್ಬಿ ಚೀಲಕ್ಕೆ ಒಂದು ಸಿಕ್ಕಿಸ್ಬೇಕು. ಪೂರ್ತಿ ತಿಂದ್ರೆ ಹಸಿರು, ಅರ್ಧಕ್ಕೆ ಹಳದಿ, ಬೇಡ ಅಂದ್ರೆ ಕೆಂಪು. ಬರೆಯೋ ಕೆಲಸವೇ ಇಲ್ಲ. “ಇದಾದ್ರೆ ಆಯ್ತದೆ ಬುಡಿ” ಅಂದ್ರು. ಮೊದಲ ವಾರ ಹನ್ನೆರಡರಲ್ಲಿ ಎಂಟು ಡಬ್ಬಿ ಹಳದಿ! ನಾಲ್ಕು ಜನ ಅಮ್ಮಂದಿರು ಗಾಬರಿಯಾಗಿ ಫೋನ್ ಮಾಡಿದ್ರು, ಏನಾಯ್ತು ಇದ್ದಕ್ಕಿದ್ದಂಗೆ ಮಕ್ಕಳು ಊಟ ಬಿಟ್ವಲ್ಲ ಅಂತ. ಏನೂ ಆಗಿಲ್ಲ, ಮೊದಲೂ ಇಷ್ಟೇ ತಿಂತಿದ್ವು ಅಂತ ಒಪ್ಪಿಸೋಕೆ ಸಾಕುಸಾಕಾಯ್ತು. ನನಗಂತೂ ಉಪಯೋಗ ಆಯ್ತು, ಸತತ ಮೂರು ದಿನ ಕೆಂಪು ಬಂದಾಗ ನೋಡಿದ್ರೆ ಹಿಂದಿನ ದವಡೆ ಹಲ್ಲು ಬರ್ತಿತ್ತು, ರಾಗಿ ಸರಿ ಕಳಿಸೋಕೆ ಶುರು ಮಾಡಿದೆ, ಹಳದಿಗೆ ಬಂತು.

ಇನ್ನೂ ಸಿಟ್ಟು ಬರೋ ವಿಷಯ ಇದೆ. ಸಂಜೆ ಐದು ನಿಮಿಷ ಲೇಟಾದ್ರೆ 50 ರೂಪಾಯಿ. ಹಾಸನಾಂಬ ಜಾತ್ರೆ ಟೈಮಲ್ಲಿ ಇಡೀ ಊರೇ ಜಾಮ್ ಆಗಿರುತ್ತೆ ಅಂತ ಇವರಿಗೆ ಗೊತ್ತಿಲ್ವಾ, ಹೋದ ಸಲ ಆ ಜಾತ್ರೆ ದಿನಗಳಲ್ಲೇ 350 ಕಟ್ಟಿದೀನಿ. ಮೇ ತಿಂಗಳು ಹದಿನೈದು ದಿನ ಮುಚ್ಚಿ ಪೂರ್ತಿ ಫೀಸ್ ತಗೊಳ್ತಾರೆ. ಟಿವಿ ಅರ್ಧ ಗಂಟೆಗೆ ಇಳಿದಿದೆ ಅಂತಾರೆ, ನಾನು ಹೇಳದೆ ಹೋದ ಎರಡು ಸಲವೂ ಮುಕ್ಕಾಲು ಗಂಟೆ. ಹೊಸದಾಗಿ ಬಂದ ಹುಡುಗಿ ಒಳ್ಳೆಯವಳು, ಫೋನ್ ಸ್ವಲ್ಪ ಜಾಸ್ತಿ. ಎಲ್ಲಕ್ಕಿಂತ ದೊಡ್ಡವ್ವಂಗೆ ಸಂಬಳ ಇನ್ನೂ ಜಾಸ್ತಿ ಮಾಡಿಲ್ಲ, ಅದನ್ನ ಮುಂದಿನ ಮೀಟಿಂಗ್‌ನಲ್ಲಿ ಎತ್ತೋದಿದೆ, ಇನ್ನೊಂದು ನೂರು ರೂಪಾಯಿ ಅಂದ್ರೆ ಮತ್ತೆ ಯಾರು ಬಿಟ್ಟು ಹೋಗ್ತಾರೋ ಗೊತ್ತಿಲ್ಲ.

ಒಟ್ಟು ಐದಕ್ಕೆ ಮೂರೂವರೆ ಕೊಡ್ತೀನಿ, ದೊಡ್ಡವ್ವ ಕೆಲಸ ಬಿಟ್ರೆ ಎರಡು. ಅಡ್ಮಿಷನ್‌ಗೆ ಜಾಗ ಹುಡುಕ್ತಿರೋರು ಯಾವ ಡೇ ಕೇರ್‌ಗಾದ್ರೂ ಸರಿ, ಬೆಳಿಗ್ಗೆ ಹತ್ತಕ್ಕೆ ಹೋಗ್ಬೇಡಿ, ಆಗ ಎಲ್ಲಾ ಕಡೆ ಚೆನ್ನಾಗೇ ಇರುತ್ತೆ. ಹಾಲೂ ಹಂಗೇ, ಬಂದ ತಕ್ಷಣ ಎಲ್ಲ ಬೆಳ್ಳಗೇ ಕಾಣೋದು. ಲ್ಯಾಬ್‌ನಲ್ಲಿ ಟೆಸ್ಟ್‌ಗೆ ಅಂತ ಸ್ವಲ್ಪ ಹಾಲಿಗೆ ನೀಲಿ ಬಣ್ಣ (ಮೆಥಿಲೀನ್ ಬ್ಲೂ) ಹಾಕಿ ಒಂದಷ್ಟು ಗಂಟೆ ಇಟ್ರೆ ಕೆಟ್ಟ ಹಾಲಲ್ಲಿ ಬಣ್ಣ ಬೇಗ ಹೊರಟೋಗುತ್ತೆ. ಮಧ್ಯಾಹ್ನ ಮೂರೂವರೆ ನಾಲ್ಕಕ್ಕೆ, ಮಕ್ಕಳು ನಿದ್ದೆಯಿಂದ ಒಟ್ಟಿಗೆ ಎದ್ದು ಅಳೋ ಹೊತ್ತಿಗೆ ಹೋಗಿ ನಿಂತ್ಕೊಳ್ಳಿ.

ನಿನ್ನೆ ಡಬ್ಬಿಗೆ ಅವರೆಕಾಳು ಉಪ್ಪಿಟ್ಟು ಹಾಕಿದ್ದೆ. ಕಾಳಷ್ಟೂ ಆರಿಸಿ ತಿಂದು ಉಪ್ಪಿಟ್ಟು ವಾಪಸ್ ಕಳಿಸಿದಾನೆ. ದೊಡ್ಡವ್ವಂಗೆ ಯಾವ ಬಣ್ಣ ಹಾಕ್ಬೇಕು ಅಂತ ತೋಚದೆ ಹಸಿರೂ ಕೆಂಪೂ ಎರಡೂ ಸಿಕ್ಕಿಸಿ ಕಳಿಸಿದಾರೆ.