ಸ್ಟೆಂಟ್ ಆದ ಮೇಲೆ ಮತ್ತೆ ಓಟ: ಎದೆಗೆ ಕಟ್ಟುವ ಹಾರ್ಟ್ ರೇಟ್ ಬೆಲ್ಟ್, ಹೆಚ್ಚು ಕಡಿಮೆ ಎರಡು ವರ್ಷದ ಬಳಕೆ

ಮೊದಲೇ ಹೇಳಿಬಿಡುತ್ತೇನೆ, ತಗೊಳ್ಳಿ. ವಯಸ್ಸು ಅರವತ್ತು ದಾಟಿದೆ, ಹೃದಯದ ತೊಂದರೆ ಆಗಿಹೋಗಿದೆ, ಆದರೂ ಮತ್ತೆ ಓಡಬೇಕು ಅನ್ನುವವರಿಗೆ ಇದರಷ್ಟು ಉಪಯೋಗದ ಸಾಮಾನು ನಾನು ಬೇರೆ ನೋಡಿಲ್ಲ. ದುಬಾರಿ ಶೂ ಕೂಡ ಇದರ ನಂತರವೇ. ಆದರೆ ಬೆಲ್ಟ್ ತೋರಿಸುವ ನಂಬರನ್ನು ಹೇಗೆ ಓದಬೇಕು ಅನ್ನೋದು ಗೊತ್ತಿರಬೇಕು. ಅದನ್ನು ಡಬ್ಬಿಯಲ್ಲಿ ಬರುವ ಚೀಟಿ ಹೇಳುವುದಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಕಂಪನಿ ಹೆಸರು ಬೇಡ, ಈ ಬಗೆಯ ಒಳ್ಳೆಯ ಬೆಲ್ಟುಗಳೆಲ್ಲ ಕೆಲಸ ಮಾಡುವುದು ಒಂದೇ ರೀತಿ.

ನಾನು ವಿಜಯಪುರದವಳು, ಹೈಸ್ಕೂಲ್ ಟೀಚರ್ ಆಗಿ ರಿಟೈರ್ ಆದವಳು. ಓಟ ಶುರು ಮಾಡಿದ್ದು ಐವತ್ತು ದಾಟಿದ ಮೇಲೆ. ನಮ್ಮೂರಿನ ವೃಕ್ಷಥಾನ್‌ನಲ್ಲಿ 10 ಕಿ.ಮೀ. ಓಡಿದ್ದೇನೆ. ಆಮೇಲೆ ಹಾರ್ಟ್ ಅಟ್ಯಾಕ್ ಆಯಿತು, ಸ್ಟೆಂಟ್ ಹಾಕಿದರು, ತಿಂಗಳುಗಟ್ಟಲೆ ಬರೀ ನಡಿಗೆ. ಮನೆಯಲ್ಲಿ ಯಾರಿಗೂ ನಾನು ಮತ್ತೆ ಓಡುವುದು ಬೇಕಿರಲಿಲ್ಲ. ಡಾಕ್ಟರು ಮಾತ್ರ ಟಿಎಂಟಿ (ಟ್ರೆಡ್‌ಮಿಲ್ ಮೇಲೆ ನಡೆಸಿ ಇಸಿಜಿ ನೋಡುವ ಟೆಸ್ಟ್) ಮಾಡಿಸಿ, ರಿಪೋರ್ಟ್ ನೋಡಿ, 'ಓಡ್ರಿ ಮೇಡಂ. ಆದ್ರ ಓಡೂಮುಂದ ಮಾತಾಡಾಕ ಬರಬೇಕು, ಹಾಡಾಕ ಬರಬಾರದು. ಅಷ್ಟ ಸ್ಪೀಡ್ ಸಾಕು' ಅಂದರು. ಜೊತೆಗೆ ನಾಡಿಬಡಿತ 115 ದಾಟಬಾರದು ಅಂತ ಒಂದು ಮಿತಿಯನ್ನೂ ಹಾಕಿಕೊಟ್ಟರು.

ಈ 115 ಎಲ್ಲಿಂದ ಬಂತು ಅನ್ನೋದೇ ಮುಖ್ಯ. ವಾಚುಗಳು, ಆ್ಯಪ್‌ಗಳು ಸಾಮಾನ್ಯವಾಗಿ 220ರಿಂದ ವಯಸ್ಸು ಕಳೆದು ಲೆಕ್ಕ ಹಾಕುತ್ತವೆ. ನನಗೆ 62 ಅಂದರೆ 158, ಅದರ ಮೇಲೆ ಹಸಿರು, ಹಳದಿ, ಕೆಂಪು ಅಂತ ಪಟ್ಟೆ. ಆದರೆ ನಾನು ದಿನಾ ಮೆಟೊಪ್ರೊಲಾಲ್ ತಗೊಳ್ಳುತ್ತೇನೆ. ಬೀಟಾ ಬ್ಲಾಕರ್ ಗುಳಿಗೆ ಅದು. ಅಡ್ರಿನಲಿನ್ ಹೃದಯವನ್ನು ಓಡಿಸುವುದನ್ನೇ ಅದು ತಡೆಯುತ್ತದೆ, ಹಾಗಾಗಿ ಎಷ್ಟೇ ದಣಿದರೂ ಬಡಿತ ಹಳೆಯ ಎತ್ತರಕ್ಕೆ ಏರುವುದೇ ಇಲ್ಲ. ಆ್ಯಪ್ 'ಇನ್ನೂ ಹಗುರ ವ್ಯಾಯಾಮ' ಅನ್ನುವ ಹೊತ್ತಿಗೆ ನನಗೆ ಏದುಸಿರು ಬಂದಿರುತ್ತದೆ. ಅದನ್ನು ನಂಬಿ ಓಡಿದರೆ ಕಥೆ ಏನು ಹೇಳಿ? ಆದ್ದರಿಂದ ಮಿತಿ ಬರಬೇಕಾದದ್ದು ನಿಮ್ಮದೇ ಟಿಎಂಟಿಯಿಂದ, ಅದೂ ದಿನದ ಗುಳಿಗೆ ತಗೊಂಡೇ ಮಾಡಿಸಿದ ಟಿಎಂಟಿಯಿಂದ. ಹೃದಯದ ರಕ್ತನಾಳದಲ್ಲಿ ಬ್ಲಾಕ್ ಇದೆಯಾ ಅಂತ ಹುಡುಕುವ ಟೆಸ್ಟಿಗೆ ಕೆಲವು ಸಲ ಈ ಗುಳಿಗೆ ನಿಲ್ಲಿಸಲು ಹೇಳುತ್ತಾರೆ, ಆ ನಂಬರು ಓಟದ ಮಿತಿಗೆ ಬರುವುದಿಲ್ಲ. ನೀವಾಗಿಯೇ ಮಾತ್ರ ಯಾವತ್ತೂ ನಿಲ್ಲಿಸಬೇಡಿ, ಬೀಟಾ ಬ್ಲಾಕರ್ ದಿಢೀರನೆ ಬಿಟ್ಟರೆ ಅಪಾಯ. ಡೋಸ್ ಬದಲಾದರೆ ಮಿತಿಯನ್ನೂ ಮತ್ತೆ ಕೇಳಿಕೊಳ್ಳಿ.

ಕೈಯಲ್ಲಿ ವಾಚ್ ಇರುವಾಗ ಬೆಲ್ಟ್ ಯಾಕೆ ಅಂತ ಕೇಳುತ್ತಾರೆ. ಅಂಬೇಡ್ಕರ್ ಸ್ಟೇಡಿಯಂನಲ್ಲಿ ಒಂದು ಮುಂಜಾನೆ ನಿಧಾನಕ್ಕೆ ಓಡುತ್ತಿದ್ದೆ, ವಾಚ್ ನೋಡಿದರೆ 166. ಕೈಕಾಲು ತಣ್ಣಗಾದವು. ಜೊತೆಗಿದ್ದ ಪಕ್ಕದ ಮನೆ ಹುಡುಗಿ 'ಯಾಕ್ರೀ ಅಕ್ಕೋರ, ನಿಂತ್ರಿ?' ಅಂದಳು. ನಿಧಾನಕ್ಕೆ ಹೆಜ್ಜೆ ಹಾಕುತ್ತಲೇ ಕುತ್ತಿಗೆಗೆ ಎರಡು ಬೆರಳು ಇಟ್ಟು ಹದಿನೈದು ಸೆಕೆಂಡ್ ಎಣಿಸಿದೆ, 26. ನಾಲ್ಕರಿಂದ ಗುಣಿಸಿದರೆ 104. ಏನೂ ಆಗಿರಲಿಲ್ಲ. ವಾಚ್ ಹಸಿರು ಬೆಳಕು ಬಿಟ್ಟು ಚರ್ಮದ ಕೆಳಗೆ ರಕ್ತ ಹರಿಯುವುದನ್ನು ನೋಡುತ್ತದೆ. ಕೈ ಬೀಸಿ ಓಡುವಾಗ, ಪಟ್ಟಿ ಸಡಿಲ ಇದ್ದಾಗ, ಅದು ನಾಡಿ ಬಿಟ್ಟು ಹೆಜ್ಜೆ ಎಣಿಸಲು ಶುರು ಮಾಡುತ್ತದೆ. ನಿಮಿಷಕ್ಕೆ 160ರ ಮೇಲೆ ಹೆಜ್ಜೆ ಬೀಳುವುದು ಮಾಮೂಲು, ಅದನ್ನೇ ಬಡಿತ ಅಂತ ತೋರಿಸಿತ್ತು. ಆರೋಗ್ಯವಂತರಿಗೆ ಇದು ಸಣ್ಣ ವಿಷಯ. ಒಮ್ಮೆ ಐಸಿಯು ನೋಡಿ ಬಂದವರ ಎದೆ ಒಡೆಯುತ್ತದೆ.

ಬೆಲ್ಟ್ ಹಾಗಲ್ಲ. ಅದು ಇಸಿಜಿ ಥರ ಹೃದಯದ ವಿದ್ಯುತ್ತನ್ನೇ ಹಿಡಿಯುತ್ತದೆ. ಫಿನ್ಲೆಂಡಿನ ಪೋಲಾರ್ ಕಂಪನಿ 1982ರ ಸುಮಾರಿಗೇ ವೈರ್ ಇಲ್ಲದ ಬೆಲ್ಟ್ ತಂದಿತ್ತು, ಅಂದರೆ ಇದೇನು ನಿನ್ನೆ ಮೊನ್ನೆಯ ಹೊಸ ಆಟಿಕೆ ಅಲ್ಲ. ಈಗ ಬ್ಲೂಟೂತ್‌ನಲ್ಲಿ ಫೋನಿಗೂ ವಾಚಿಗೂ ಸೇರಿಕೊಳ್ಳುತ್ತದೆ. ನಾನು 112ಕ್ಕೆ ಅಲಾರಂ ಇಟ್ಟಿದ್ದೇನೆ. ಸದ್ದಾದರೆ ನಡಿಗೆ, 100ರ ಕೆಳಗೆ ಬಂದರೆ ಮತ್ತೆ ಓಟ. ಅಮೆರಿಕದ ಒಲಿಂಪಿಕ್ ಓಟಗಾರ ಜೆಫ್ ಗ್ಯಾಲೋವೇ 1970ರ ದಶಕದಿಂದಲೂ ಜನರಿಗೆ ಕಲಿಸುತ್ತಾ ಬಂದದ್ದು ಹೀಗೆ ನಡುನಡುವೆ ನಡೆಯುವುದನ್ನೇ, ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಮೊದಮೊದಲು ಅರ್ಧ ನಿಮಿಷ ಓಡಿದರೆ ಎರಡು ನಿಮಿಷ ನಡೆಯುತ್ತಿದ್ದೆ. ಈಗ ಮೂರು ನಿಮಿಷ ಓಟ, ಒಂದು ನಿಮಿಷ ನಡಿಗೆ, ಮಾತಾಡುತ್ತಲೇ 5 ಕಿ.ಮೀ. ಮುಗಿಯುತ್ತದೆ. ಆದರೆ ಎಲ್ಲಿಯೂ ಗಪ್ಪನೆ ನಿಲ್ಲಬೇಡಿ. ರಕ್ತ ಕಾಲಲ್ಲೇ ನಿಂತು ಬಿಪಿ ಇಳಿದು ತಲೆ ಸುತ್ತುತ್ತದೆ, ನಮ್ಮ ಗುಳಿಗೆಗಳಿಂದ ಅದು ಇನ್ನೂ ಜಾಸ್ತಿ.

ಬೆಲ್ಟ್ ಕಲಿಸಿದ ಇನ್ನೊಂದು ವಿಷಯ ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮೂರು 40 ಡಿಗ್ರಿ ದಾಟುವುದು ಗೊತ್ತೇ ಇದೆ ಅಲ್ವಾ. ಅದೇ ದಾರಿ, ಗೋಳಗುಮ್ಮಟದಿಂದ ಬಾರಾಕಮಾನ್ ಕಡೆಗೆ, ಅದೇ ಸ್ಪೀಡ್. ಚಳಿಗಾಲದಲ್ಲಿ 100 ತೋರಿಸುವ ಕಡೆ ಬೇಸಿಗೆಯಲ್ಲಿ 110. ಮೈ ತಂಪು ಮಾಡಲು ರಕ್ತ ಚರ್ಮದ ಕಡೆಗೂ ಹರಿಯಬೇಕು, ಬೆವರಿನಲ್ಲಿ ನೀರೂ ಹೋಗುತ್ತದೆ, ಹೃದಯಕ್ಕೆ ದುಡಿತ ಜಾಸ್ತಿ. ಬೇಸಿಗೆಯಲ್ಲಿ ಸೂರ್ಯ ಹುಟ್ಟುವ ಮೊದಲೇ ಮುಗಿಸುತ್ತೇನೆ, ಸ್ಪೀಡ್ ಇಳಿದರೆ ಇಳಿಯಲಿ.

ತೊಂದರೆಗಳೂ ಇವೆ. ಒಣ ಬೆಲ್ಟ್ ಕಟ್ಟಿದರೆ ಮೊದಲ ಐದು ಹತ್ತು ನಿಮಿಷ ನಂಬರು ಹುಚ್ಚುಹುಚ್ಚಾಗಿ ಕುಣಿಯುತ್ತದೆ, ಥಂಡಿಯಲ್ಲಂತೂ ಕೇಳಲೇಬೇಡಿ. ಎಲೆಕ್ಟ್ರೋಡ್ (ಎದೆಗೆ ತಾಗಿ ಬಡಿತ ಹಿಡಿಯುವ ಭಾಗ) ಇರುವ ಜಾಗವನ್ನು ಚೆನ್ನಾಗಿ ನೀರಿನಿಂದ ಒದ್ದೆ ಮಾಡಿ ಕಟ್ಟಬೇಕು. ಓಟ ಮುಗಿದ ಮೇಲೆ ಬೆವರಿನ ಉಪ್ಪು ಹೋಗುವ ಹಾಗೆ ತೊಳೆದು ನೆರಳಲ್ಲಿ ಒಣಗಿಸಬೇಕು, ಗುಂಡಿ ಬಿಚ್ಚಿ ಯಂತ್ರವನ್ನು ಬೇರೆ ಇಡಬೇಕು. ಒದ್ದೆ ಪಟ್ಟಿಗೆ ಹಚ್ಚಿಯೇ ಬಿಟ್ಟರೆ ಅದು ಸುಮ್ನೆ ಕೆಲಸ ಮಾಡುತ್ತಲೇ ಇರುತ್ತದೆ, ಸೆಲ್ ಬೇಗ ಮುಗಿಯುತ್ತದೆ. ನನ್ನ ಪಟ್ಟಿಯ ಇಲಾಸ್ಟಿಕ್ ಒಂದು ವರ್ಷದ ನಂತರ ಸಡಿಲ ಬಿತ್ತು, ಕಸ್ಟಮರ್ ಕೇರ್‌ನವರು ಪಟ್ಟಿಗೆ ವಾರಂಟಿ ಇಲ್ಲ ಅಂದುಬಿಟ್ಟರು. ಪಟ್ಟಿ ಮಾತ್ರ ಬೇರೆಯಾಗಿ ಸಿಗುತ್ತದೆ, ಆದರೆ ಬೆಲೆ ನ್ಯಾಯವಾಗಿಲ್ಲ.

ಹೆಂಗಸರಿಗೆ ಒಂದು ಮಾತು, ಇದನ್ನು ಯಾರೂ ಬರೆಯುವುದಿಲ್ಲ. ಬೆಲ್ಟ್ ಕೂರುವ ಜಾಗವೂ ಬ್ರಾದ ಕೆಳಗಿನ ಪಟ್ಟಿ ಕೂರುವ ಜಾಗವೂ ಒಂದೇ. ಒಂದರ ಮೇಲೊಂದು ಬಿದ್ದರೆ ಉಜ್ಜಿ ಉಜ್ಜಿ ಚರ್ಮ ಕೆಂಪಾಗುತ್ತದೆ, ಬೆವರು ತಾಗಿದರೆ ಉರಿ. ಬೆಲ್ಟನ್ನು ಒಂದು ಬೆರಳು ಕೆಳಗೆ ಕಟ್ಟಿ, ಅಂಚಿಗೆ ಸ್ವಲ್ಪ ವ್ಯಾಸಲಿನ್ ಹಚ್ಚಿ, ಎಲೆಕ್ಟ್ರೋಡ್ ಕೆಳಗೆ ಮಾತ್ರ ಬೇಡ. ಸೈಜ್ ನೋಡದೆ ದೊಡ್ಡದು ತಂದರೆ ಓಡುವಾಗ ಜಾರುತ್ತದೆ.

ಇನ್ನು ಇದರ ಕೈಯಲ್ಲಿ ಆಗದ್ದು. ಬ್ಲಾಕ್ ಇದೆಯಾ ಇಲ್ವಾ ಅಂತ ಬೆಲ್ಟ್ ಹೇಳುವುದಿಲ್ಲ. ಎದೆ ಬಿಗಿಯಾದರೆ, ದವಡೆಗೋ ಎಡಗೈಗೋ ನೋವು ಇಳಿದರೆ, ತಣ್ಣನೆ ಬೆವರು ಬಂದರೆ, ನಂಬರು 90 ಇದ್ದರೂ ಓಟ ಅಲ್ಲಿಗೇ ಬಂದ್, ನೇರ ಆಸ್ಪತ್ರೆ. ಹೆಂಗಸರಿಗೆ ಎದೆನೋವೇ ಇಲ್ಲದೆ ಬರೀ ಸುಸ್ತು, ವಾಕರಿಕೆ, ಉಸಿರುಕಟ್ಟುವುದು ಆಗಬಹುದು, ಅದನ್ನು ಗ್ಯಾಸ್ ಅಂತ ತಳ್ಳಿಹಾಕಬೇಡಿ. ಬಡಿತದ ಲಯ ತಪ್ಪುವ ತೊಂದರೆ ಇರುವವರಿಗೆ ನಂಬರು ಸರಿ ಬರದಿರಬಹುದು. ಪೇಸ್‌ಮೇಕರ್ ಇದ್ದವರು ಡಾಕ್ಟರನ್ನು ಕೇಳಿಯೇ ತಗೊಳ್ಳಿ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ, ಆ ಅರ್ಧ ಕಡಿಮೆ ಮಾಡಿದ್ದು ಪಟ್ಟಿಯ ಬೆಲೆಗೆ. ಸೆಲ್ ಮಾಮೂಲಿ ನಾಣ್ಯದಂಥ ಸೆಲ್, ಗಡಿಯಾರದ ಅಂಗಡಿಯಲ್ಲಿ ಸಿಗುತ್ತದೆ, ಹೋಗುವಾಗ ಹಳೆಯದನ್ನು ತಗೊಂಡು ಹೋಗಿ ತೋರಿಸಿ.