ಷೆಂಗೆನ್ ವೀಸಾ ಇದ್ದರೆ ಸಾಕು ಎಂಬ ಮಾತು ನಂಬಿ, ಅಮ್ಮನನ್ನು ದಡದಲ್ಲೇ ಬಿಟ್ಟು ಬಂದೆ

ಮೊದಲೇ ಹೇಳಿಬಿಡುತ್ತೇನೆ. ಕೆನಡಾದಲ್ಲಿರುವ ಕನ್ನಡಿಗರು ಊರಿನಿಂದ ಬಂದ ಅಪ್ಪ ಅಮ್ಮಂದಿರನ್ನು ಸೇಂಟ್ ಪಿಯೆರ್ ಮತ್ತು ಮಿಕೆಲಾನ್ ದ್ವೀಪಗಳಿಗೆ ಕರೆದೊಯ್ಯುವ ಯೋಚನೆಯಲ್ಲಿದ್ದರೆ, ಅವರ ಪಾಸ್‌ಪೋರ್ಟಿನಲ್ಲಿರುವ ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಸಾಮಾನ್ಯ ಷೆಂಗೆನ್ ವೀಸಾವನ್ನು ನಂಬಿಕೊಂಡು ಹೊರಡಬೇಡಿ. ಆ ದ್ವೀಪಗಳು ಫ್ರಾನ್ಸಿನ ನೆಲ ನಿಜ, ಆದರೆ ಷೆಂಗೆನ್ ಪ್ರದೇಶಕ್ಕೆ ಸೇರಿಲ್ಲ. ಈ ಒಂದು ವಾಕ್ಯ ನನಗೆ ಜುಲೈಗೆ ಮುಂಚೆ ಗೊತ್ತಿದ್ದರೆ 2,640 ಡಾಲರ್ ಉಳಿಯುತ್ತಿತ್ತು, ಅದಕ್ಕಿಂತ ಹೆಚ್ಚಾಗಿ 71 ವರ್ಷದ ಅಮ್ಮ ಹತ್ತಾರು ಜನರ ಮುಂದೆ ಸಾಲಿನಿಂದ ಪಕ್ಕಕ್ಕೆ ನಿಲ್ಲಬೇಕಾಗಿರಲಿಲ್ಲ.

ಅಲ್ಲಿಗೆ ಹೋಗಬೇಕೆಂದವರು ಅಮ್ಮನೇ. ಅವರು ಶಿವಮೊಗ್ಗದ ಕಡೆಯ ಪ್ರೌಢಶಾಲೆಯಲ್ಲಿ ಮೂವತ್ತು ವರ್ಷ ಸಮಾಜ ವಿಜ್ಞಾನ ಕಲಿಸಿದವರು. 1763ರ ಪ್ಯಾರಿಸ್ ಒಪ್ಪಂದದಲ್ಲಿ ಪಾಂಡಿಚೇರಿ ಫ್ರೆಂಚರಿಗೆ ಮರಳಿ ಸಿಕ್ಕಿತು ಎಂದು ವರ್ಷ ವರ್ಷ ಪಾಠ ಮಾಡಿದ ಅವರಿಗೆ, ಅದೇ ಒಪ್ಪಂದದಲ್ಲಿ ಇಡೀ ಕೆನಡಾ ಕಳೆದುಕೊಂಡ ಫ್ರೆಂಚರು ಮೀನುಗಾರಿಕೆಗೆಂದು ಈ ಎರಡು ಬೋಳು ದ್ವೀಪಗಳನ್ನು ಮರಳಿ ಪಡೆದರು ಎಂದು ನಾನು ಹೇಳಿದಾಗ ಆದ ಸಂತೋಷ ಅಷ್ಟಿಷ್ಟಲ್ಲ. ಕೆನಡಾದ ಪೂರ್ವ ತುದಿಯ ನ್ಯೂಫೌಂಡ್‌ಲ್ಯಾಂಡಿನ ದಡದಿಂದ ಸುಮಾರು 25 ಕಿಲೋಮೀಟರ್ ದೂರದಲ್ಲಿ ಆರು ಸಾವಿರದಷ್ಟು ಜನ ಯೂರೋದಲ್ಲಿ ವ್ಯವಹರಿಸುತ್ತ ಫ್ರೆಂಚ್ ಮಾತಾಡಿಕೊಂಡಿದ್ದಾರೆ ಎಂಬುದನ್ನು ಅವರು ಕಣ್ಣಾರೆ ನೋಡಬೇಕೆಂದರು. ಮ್ಯೂನಿಕ್‌ನಲ್ಲಿರುವ ಅಕ್ಕನ ಮನೆಯಲ್ಲಿ ಎರಡು ವಾರ ಇದ್ದು ಟೊರೊಂಟೊಗೆ ಬಂದಿದ್ದ ಅವರು ವಾಪಸು ಹೋಗುವಾಗಲೂ ಅಲ್ಲಿ ಇಳಿಯುವವರಿದ್ದುದರಿಂದ, ಜರ್ಮನಿ ಕೊಟ್ಟ ಷೆಂಗೆನ್ ವೀಸಾ ಇನ್ನೂ ಜಾರಿಯಲ್ಲಿತ್ತು.

ಏಜೆಂಟ್ ಸಿಕ್ಕಿದ್ದು ಪರಿಚಿತರೊಬ್ಬರ ಮನೆಯ ಸತ್ಯನಾರಾಯಣ ಪೂಜೆಯಲ್ಲಿ. ಹೆಸರು ಬರೆಯುವುದಿಲ್ಲ. ನಮ್ಮ ಕಡೆಯವರೇ, ಅಮ್ಮನ ಕಾಲು ಮುಟ್ಟಿ ನಮಸ್ಕರಿಸಿದವರು. ಕಾಲು ಮುಟ್ಟಿದವನನ್ನು ಅನುಮಾನಿಸುವುದು ನಮ್ಮ ಅಭ್ಯಾಸವಲ್ಲ. ಈಗ ಅನಿಸುತ್ತದೆ, ಅದೇ ಅವನ ಬಂಡವಾಳ. ಹಡಗಿನ ಟಿಕೆಟ್, ಎರಡು ರಾತ್ರಿಗೆ ಎರಡು ಕೋಣೆ, ಈಲ್ ಓ ಮಾರೆನ್ ಎಂಬ ಪಕ್ಕದ ಪುಟ್ಟ ದ್ವೀಪಕ್ಕೆ ದೋಣಿಯಾನ ಎಲ್ಲ ಸೇರಿ ನಾಲ್ಕು ಜನರಿಗೆ 2,640 ಡಾಲರ್ ಎಂದರು. ಬಿಲ್ಲಿನ ಕೊನೆಯ ಸಾಲು ನನಗೆ ಇಂದಿಗೂ ಬಾಯಿಪಾಠ: "ದಾಖಲೆ ಪರಿಶೀಲನೆ, 120 ಡಾಲರ್". ಗಮನಿಸಿ, ದಾಖಲೆ ನೋಡುವುದಕ್ಕೆಂದೇ ಬೇರೆ ಹಣ ತೆಗೆದುಕೊಂಡಿದ್ದಾರೆ.

ಅಮ್ಮನ ವೀಸಾದ ವಿಷಯವನ್ನು ನಾನು ಕೇಳಲಿಲ್ಲವೆಂದಲ್ಲ, ಮೂರು ಸಲ ಕೇಳಿದ್ದೇನೆ. ಪ್ರತಿ ಸಲವೂ ಬಂದ ಉತ್ತರದಲ್ಲಿ ಅರ್ಧ ಸತ್ಯವಿತ್ತು, ಆ ಅರ್ಧವೇ ನನ್ನನ್ನು ಕೆಡಿಸಿತು. ಕೆನಡಾಕ್ಕೆ ಒಂದೇ ಪ್ರವೇಶದ ಸಂದರ್ಶಕ ವೀಸಾದಲ್ಲಿ ಬಂದವರು ಅಮೆರಿಕಕ್ಕೋ ಸೇಂಟ್ ಪಿಯೆರ್ ಮತ್ತು ಮಿಕೆಲಾನ್‌ಗೋ ಮಾತ್ರ ಹೋಗಿ, ತಮಗೆ ಕೊಟ್ಟ ಅವಧಿಯೊಳಗೆ ಮರಳಿದರೆ ಹೊಸ ಕೆನಡಾ ವೀಸಾ ಬೇಕಾಗುವುದಿಲ್ಲ ಎಂಬ ನಿಯಮ ನಿಜಕ್ಕೂ ಇದೆ. ಏಜೆಂಟ್ ಅದನ್ನು ಸರ್ಕಾರಿ ಪುಟದಿಂದಲೇ ತೋರಿಸಿದರು. ಅದು ಕೆನಡಾಕ್ಕೆ ಮರಳಿ ಬರುವ ನಿಯಮವೇ ಹೊರತು ಫ್ರಾನ್ಸಿನ ನೆಲಕ್ಕೆ ಕಾಲಿಡುವ ಅನುಮತಿಯಲ್ಲ ಎಂಬುದು ನನ್ನ ತಲೆಗೆ ಹೋಗಲಿಲ್ಲ. ನಾನು ಎಂಜಿನಿಯರ್, ದಿನವಿಡೀ ಒಪ್ಪಂದಪತ್ರ ಓದುವವನು, ಆದರೂ ಹೋಗಲಿಲ್ಲ. "ಸಾರ್, ಅದು ಫ್ರಾನ್ಸ್, ಅಮ್ಮನ ಹತ್ರ ಷೆಂಗೆನ್ ಇದೆ, ಬರೋಕೆ ಕೆನಡಾ ರೂಲ್ ಇದೆ, ಇನ್ನೇನು ಬೇಕು?" ಎಂದರು. ಹೊರಡುವ ಹಿಂದಿನ ರಾತ್ರಿ ವಾಟ್ಸ್ಆ್ಯಪ್‌ನಲ್ಲಿ ಮತ್ತೊಮ್ಮೆ ಕೇಳಿದಾಗ ಧ್ವನಿ ಸಂದೇಶ ಬಂತು: "ನಾನು ಚೆಕ್ ಮಾಡಿದೀನಿ ಸಾರ್, ಆರಾಮಾಗಿ ಮಲ್ಕೊಳಿ."

ನ್ಯೂಫೌಂಡ್‌ಲ್ಯಾಂಡಿನ ರಾಜಧಾನಿ ಸೇಂಟ್ ಜಾನ್ಸ್‌ನಿಂದ, ಹಡಗು ಹೊರಡುವ ಫಾರ್ಚ್ಯೂನ್ ಊರಿಗೆ ನಾಲ್ಕು ಗಂಟೆಗೂ ಮೀರಿದ ದಾರಿ. ಮಂಜು, ಕುರುಚಲು ಕಾಡು, ಕಡವೆಯಂಥ ಮೂಸ್ ಪ್ರಾಣಿ ರಸ್ತೆಗೆ ಬರುತ್ತದೆ ಎಂಬ ಫಲಕಗಳು, ಮತ್ತೆ ಮಂಜು. ಟಿಕೆಟ್ ಕೌಂಟರಿನಲ್ಲಿ ನನ್ನ, ಹೆಂಡತಿಯ, ಮಗಳ ಕೆನಡಾ ಪಾಸ್‌ಪೋರ್ಟುಗಳು ಒಂದು ನಿಮಿಷದಲ್ಲಿ ಮರಳಿ ಬಂದವು. ಅಮ್ಮನದು ಬರಲಿಲ್ಲ. ಆ ಹುಡುಗಿ ಪುಟ ತಿರುವಿದಳು, ಮತ್ತೆ ತಿರುವಿದಳು, ಒಳಗೆ ಹೋಗಿ ಯಾರನ್ನೋ ಕರೆತಂದಳು. ಅವರು ವೀಸಾ ಚೀಟಿಯ ಮೊದಲ ಸಾಲಿನ ಮೇಲೆ ಬೆರಳಿಟ್ಟರು. "ಗ್ಯುಲ್ಟಿಶ್ ಫ್ಯೂರ್: ಷೆಂಗೆನರ್ ಸ್ಟಾಟೆನ್" ಎಂದು ಜರ್ಮನ್ ಭಾಷೆಯಲ್ಲಿತ್ತು, ಅಂದರೆ ಷೆಂಗೆನ್ ದೇಶಗಳಿಗೆ ಮಾತ್ರ ಸಲ್ಲುವುದು. "ಸೇಂಟ್ ಪಿಯೆರ್ ಷೆಂಗೆನ್‌ನಲ್ಲಿಲ್ಲ, ಭಾರತದ ಪಾಸ್‌ಪೋರ್ಟಿಗೆ ಅಲ್ಲಿಗೆಂದೇ ಪಡೆದ ವೀಸಾ ಬೇಕು" ಎಂದು ಅವರು ಮೆಲುದನಿಯಲ್ಲೇ ಹೇಳಿದರು. ಅವರದೇನೂ ತಪ್ಪಿಲ್ಲ. ಅಷ್ಟು ತಿಂಗಳಲ್ಲಿ ನಾನು ಒಮ್ಮೆಯೂ ಓದದ ಆ ಸಾಲು ಅಮ್ಮನ ಕೈಚೀಲದಲ್ಲೇ ಇತ್ತು!

ಅಲ್ಲೇ ನಿಂತು ಏಜೆಂಟಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಸಂದೇಶ ಕಳಿಸಿದೆ. ಉತ್ತರ ಬರಲಿಲ್ಲ, ಬದಲಿಗೆ ನನ್ನ ಕಣ್ಣೆದುರೇ, ಪರದೆಯ ಮೇಲೆ, ಹಿಂದಿನ ರಾತ್ರಿಯ ಧ್ವನಿ ಸಂದೇಶವಿದ್ದ ಜಾಗದಲ್ಲಿ "ಈ ಸಂದೇಶವನ್ನು ಅಳಿಸಲಾಗಿದೆ" ಎಂಬ ಸಾಲು ಕಾಣಿಸಿತು. ಅದು ಒಂದೇ ನನ್ನ ಬಳಿ ಇದ್ದ ಸಾಕ್ಷಿ, ಉಳಿದದ್ದೆಲ್ಲ ಫೋನಿನಲ್ಲಿ ಆಡಿದ ಮಾತು. ಇಪ್ಪತ್ತು ನಿಮಿಷದ ನಂತರ ಇಂಗ್ಲಿಷಿನಲ್ಲಿ ಉತ್ತರ ಬಂತು. ಅಲ್ಲಿಯವರೆಗೆ ಕನ್ನಡ ಬಿಟ್ಟು ಮಾತಾಡದವರು ಇಂಗ್ಲಿಷಿಗೆ ಇಳಿದಾಗಲೇ ನಾನು ತಿಳಿದುಕೊಳ್ಳಬೇಕಿತ್ತು. ಪ್ರಯಾಣದ ದಾಖಲೆಗಳ ಹೊಣೆ ಪ್ರಯಾಣಿಕರದೇ, ಷರತ್ತು ಓದಿಕೊಳ್ಳಿ, ಎಂದಿತ್ತು. ಹಾಗಾದರೆ 120 ಡಾಲರ್ ಯಾವುದಕ್ಕೆ ಎಂದು ಕೇಳಿದೆ. "ಅದು ಫೈಲಿಂಗ್ ಚಾರ್ಜ್ ಸಾರ್."

ಅಮ್ಮ ನಾವು ಮೂವರೂ ಹೋಗಿ ಬರಬೇಕೆಂದು ಹಟ ಹಿಡಿದರು. ಕೊನೆಗೆ ಹೆಂಡತಿ ಅವರೊಂದಿಗೆ ಉಳಿದಳು, ಮಗಳನ್ನು ಕರೆದುಕೊಂಡು ನಾನು ಹಡಗು ಹತ್ತಿದೆ. ಹತ್ತಬಾರದಿತ್ತು. ಟಿಕೆಟ್ ಹಣ ಮರಳಿ ಬರುವುದಿಲ್ಲವೆಂಬ ಲೆಕ್ಕಾಚಾರ ಆ ಹೊತ್ತಿನಲ್ಲಿ ದೊಡ್ಡದಾಗಿ ಕಂಡಿತು, ಅದನ್ನು ಒಪ್ಪಿಕೊಳ್ಳುತ್ತೇನೆ.

ಅಷ್ಟರವರೆಗೂ ಇದನ್ನು ಏಜೆಂಟನ ಅಜ್ಞಾನವೆಂದು ನಂಬಲು ನನ್ನ ಮನಸ್ಸು ಸಿದ್ಧವಿತ್ತು. ಗಡಿಯಾರವನ್ನು ಅರ್ಧ ಗಂಟೆ ಮುಂದಿಟ್ಟುಕೊಂಡು ದ್ವೀಪದಲ್ಲಿಳಿದೆವು. ಕೆಂಪು, ಹಳದಿ, ನೀಲಿ ಮರದ ಮನೆಗಳ ಸಾಲಿನಲ್ಲಿ ನಮ್ಮ ಅತಿಥಿಗೃಹ ಸಿಕ್ಕಿತು. ಬಾಗಿಲು ತೆರೆದ ಹೆಂಗಸು ನಮ್ಮ ಕಾಗದ ನೋಡಿ, ಒಳಗಿನಿಂದ ಗೆರೆ ಹಾಕಿದ ನೋಟುಪುಸ್ತಕವೊಂದನ್ನು ತಂದು, ನನ್ನ ಹೆಸರಿನ ಮೇಲೆ ನೀಲಿ ಪೆನ್ನಿನಲ್ಲಿ ಎಳೆದಿದ್ದ ಅಡ್ಡಗೆರೆಯನ್ನು ತೋರಿಸಿದರು. ಪಕ್ಕದಲ್ಲಿ ತಾರೀಖು: ಹನ್ನೆರಡು ದಿನಗಳ ಹಿಂದಿನದು. ಶುಲ್ಕವಿಲ್ಲದೆ ರದ್ದು ಮಾಡಬಹುದಾದ ಅವಧಿಯೊಳಗೆ ಎರಡೂ ಕೋಣೆಗಳನ್ನು ರದ್ದು ಮಾಡಿ, ಹಣವನ್ನು ಬುಕ್ ಮಾಡಿದವರೇ ಮರಳಿ ಪಡೆದಿದ್ದರು.

ಹನ್ನೆರಡು ದಿನಗಳ ಹಿಂದೆ. ಅಂದರೆ ಅಮ್ಮ ಹಡಗು ಹತ್ತುವುದಿಲ್ಲವೆಂಬುದು ಅವನಿಗೆ ಗೊತ್ತಿತ್ತು. ಅಮ್ಮನನ್ನು ತಡೆದರೆ ಇಡೀ ಕುಟುಂಬ ಹಿಂದಿರುಗುತ್ತದೆ, ಕೋಣೆಯ ವಿಚಾರ ಯಾರಿಗೂ ತಿಳಿಯುವುದಿಲ್ಲ ಎಂದು ಎಣಿಸಿ, ಅದಾದ ಮೇಲೂ "ಆರಾಮಾಗಿ ಮಲ್ಕೊಳಿ" ಎಂದಿದ್ದಾನೆ. ಆ ಅಡ್ಡಗೆರೆ ನೋಡುತ್ತ ನಾನು ಬಾಗಿಲಲ್ಲೇ ಎಷ್ಟು ಹೊತ್ತು ನಿಂತಿದ್ದೆನೋ, ಮಗಳು "ಅಪ್ಪ, ಮಳೆ ಬರ್ತಿದೆ" ಎಂದಳು. ಆ ಹೆಂಗಸು ಅಟ್ಟದ ಮೇಲಿನ ಚಿಕ್ಕ ಕೋಣೆಯೊಂದನ್ನು ಕೊಟ್ಟರು, 95 ಯೂರೋ ತೆಗೆದುಕೊಂಡರು. ದೋಣಿಯವರ ಬಳಿಯೂ ನಮ್ಮ ಹೆಸರಿರಲಿಲ್ಲ. ಊರಿನ ವಸ್ತುಸಂಗ್ರಹಾಲಯದಲ್ಲಿ 1889ರಲ್ಲಿ ಒಂದೇ ಸಲ ಬಳಸಿದ ಗಿಲೋಟಿನ್ ಇದೆ. ಅದರ ಮುಂದೆ ನಿಂತಾಗ ನನಗೆ ಬಂದ ಯೋಚನೆಯನ್ನು ಇಲ್ಲಿ ಬರೆಯುವುದು ಸಭ್ಯವಲ್ಲ.

ಟೊರೊಂಟೊಗೆ ಬಂದು ಕೇಳಿದಾಗ ಸಿಕ್ಕ ಉತ್ತರಗಳು ದಿನಕ್ಕೊಂದು. ಮೊದಲು ಅತಿಥಿಗೃಹದವರೇ ಸುಳ್ಳು ಹೇಳುತ್ತಿದ್ದಾರೆ ಎಂದರು. ಪುಸ್ತಕದ ಫೋಟೋ ಕಳಿಸಿದೆ. ಸಿಬ್ಬಂದಿಯ ತಪ್ಪು ಎಂದರು. ಆಮೇಲೆ, "ಸಾರ್, ನಮ್ಮ ನಮ್ಮಲ್ಲೇ ಇದನ್ನ ದೊಡ್ಡದು ಮಾಡಬೇಡಿ, ಅಮ್ಮನ ಮುಖ ನೋಡಿ 200 ಡಾಲರ್ ಕೊಡ್ತೀನಿ." ಅಮ್ಮನ ಮುಖ ನೋಡಿ! ಆ ಮುಖವನ್ನು ಅಂದು ಬೆಳಗ್ಗೆ ಕೌಂಟರಿನ ಪಕ್ಕದಲ್ಲಿ ನಿಂತು ನೋಡಬೇಕಿತ್ತು ಅವನು. 200 ಡಾಲರ್ ಕೂಡ ಬರಲಿಲ್ಲ, ನನ್ನ ನಂಬರನ್ನು ಬ್ಲಾಕ್ ಮಾಡಿದ್ದಾನೆ.

ಹಣವನ್ನು ನಾನು ಇಂಟರಾಕ್ ಮೂಲಕ ನೇರ ಅವನ ಖಾತೆಗೆ ಹಾಕಿದ್ದೆ, 80 ಡಾಲರ್ ರಿಯಾಯಿತಿಯ ಆಸೆಗೆ. ಕ್ರೆಡಿಟ್ ಕಾರ್ಡ್ ಬಳಸಿದ್ದರೆ ಬ್ಯಾಂಕಿನಲ್ಲಿ ತಕರಾರು ಎತ್ತಬಹುದಿತ್ತು, ಇಂಟರಾಕ್‌ನಲ್ಲಿ ಒಮ್ಮೆ ಜಮೆಯಾದರೆ ಮುಗಿಯಿತು. ಒಂಟಾರಿಯೊದಲ್ಲಿ ಪ್ರವಾಸ ಮಾರುವವರು ಟೈಕೊ ಎಂಬ ಸಂಸ್ಥೆಯಲ್ಲಿ ನೋಂದಾಯಿಸಿರಬೇಕು, ಆ ಪಟ್ಟಿಯನ್ನು ಯಾರು ಬೇಕಾದರೂ ನೋಡಬಹುದು. ನಾನು ನೋಡಿದ್ದು ವಾಪಸು ಬಂದ ಮೇಲೆ, ಅವನ ಹೆಸರು ಅದರಲ್ಲಿಲ್ಲ. ದೂರು ಕೊಟ್ಟಿದ್ದೇನೆ. ವೀಸಾ ಬೇಕೇ ಬೇಡವೇ ಎಂಬುದನ್ನು ಫ್ರಾನ್ಸ್-ವೀಸಾಸ್ ಎಂಬ ಫ್ರೆಂಚ್ ಸರ್ಕಾರದ ಜಾಲತಾಣದಲ್ಲಿ ಕೇಳಿ, ಪೂಜೆಗೆ ಬಂದವರನ್ನು ಕೇಳಬೇಡಿ. ಕೋಣೆ ಇದೆಯೇ ಎಂದು ಹೊರಡುವ ಮುನ್ನ ನೀವೇ ಅಲ್ಲಿಗೆ ಬರೆದು ಕೇಳಿ, ಮುರುಕು ಫ್ರೆಂಚಿನಲ್ಲಾದರೂ ಸರಿ.

ನಾವು ದ್ವೀಪದಲ್ಲಿದ್ದಾಗ ಹೆಂಡತಿ ಅಮ್ಮನನ್ನು ಹತ್ತಿರದ ಪಾಯಿಂಟ್ ಮೇ ಎಂಬ ಊರಿಗೆ ಕರೆದುಕೊಂಡು ಹೋಗಿದ್ದಳಂತೆ. ಸಂಜೆ ಮಂಜು ಸರಿದು ದ್ವೀಪಗಳು ಬೂದು ಗುಡ್ಡಗಳಂತೆ ಕಾಣಿಸಿದವಂತೆ. ಅಮ್ಮ ಈ ವಿಷಯವನ್ನು ಮತ್ತೆ ಎತ್ತಿಲ್ಲ, ಅಕ್ಕನಿಗೆ ಫೋನಿನಲ್ಲಿ "ನೋಡಿ ಬಂದೆವು" ಎಂದಷ್ಟೇ ಹೇಳಿದರು.

ನಿನ್ನೆ ನಮ್ಮ ಕನ್ನಡಿಗರ ವಾಟ್ಸ್ಆ್ಯಪ್ ಗುಂಪೊಂದರಲ್ಲಿ ಅವನ ಹೊಸ ಜಾಹೀರಾತು ಬಂದಿದೆ: ಸೆಪ್ಟೆಂಬರಿನ ಉದ್ದನೆಯ ವಾರಾಂತ್ಯಕ್ಕೆ ಸೇಂಟ್ ಪಿಯೆರ್, ಹಿರಿಯರಿಗೆ ವಿಶೇಷ ದರ, "ಷೆಂಗೆನ್ ಇದ್ದರೆ ಸಾಕು". ಅದರ ಕೆಳಗೆ ಹನ್ನೊಂದು ಜನ ಕೈ ಎತ್ತಿದ್ದಾರೆ. ಅವರಲ್ಲಿ ಮೂವರು ನನಗೆ ಪರಿಚಿತರು, ಅವರಿಗೆ ಫೋನ್ ಮಾಡಿದ್ದೇನೆ. ಉಳಿದ ಎಂಟು ಜನರ ನಂಬರ್ ನನ್ನ ಬಳಿ ಇಲ್ಲ.